ಓದೋದು ಬಿಟ್ಟು ಏನು ಓದ್ತಾ ಇದ್ದೀಯ?

ಇವತ್ತಿನ ಮಾತಿಗೆ ‘ಮಕ್ಕಳಲ್ಲಿ ಓದಿನ ಪ್ರೀತಿ ಬೆಳೆಸುವುದು ಹೇಗೆ’ ಎಂದು ಹೆಸರಿಟ್ಟಿದ್ದಾರೆ. ಬೆಳೆಸುವುದು ಹೇಗೆ ಅಂತ ಹೇಳುವಷ್ಟು ತಿಳಿದವಳಲ್ಲ ನಾನು. ಲೆಕ್ಕಪತ್ರ ನೋಡುವ ಕೆಲಸ ನನ್ನದು. ಆದರೆ ಆ ಪ್ರೀತಿ ಹೋಗುವುದು ಹೇಗೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. 16ನೇ ವಯಸ್ಸಿಗೆ ನನ್ನನ್ನು ಬಿಟ್ಟುಹೋದದ್ದು 38ನೇ ವಯಸ್ಸಿನಲ್ಲಿ ವಾಪಸ್ ಬಂತು. ಅದು ಹೋದ ದಾರಿ, ಬಂದ ದಾರಿ ಎರಡನ್ನೂ ಹೇಳುತ್ತೇನೆ. ಇಲ್ಲಿ ಮೇಷ್ಟ್ರುಗಳಿದ್ದೀರಿ, ಅಪ್ಪ ಅಮ್ಮಂದಿರಿದ್ದೀರಿ, ಹಿಂದಿನ ಸಾಲಿನಲ್ಲಿ ಪಿಯುಸಿ ಮಕ್ಕಳೂ ಇದ್ದೀರಿ. ನಿಮಗೆ ಬೇಕಾದದ್ದನ್ನು ನೀವು ತೆಗೆದುಕೊಳ್ಳಿ.

ನಾನು ಬೆಳೆದದ್ದು ತಿಪಟೂರಿನಲ್ಲಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ಪುಸ್ತಕದ ಕಪಾಟು ಅಂತ ಏನೂ ಇರಲಿಲ್ಲ. ನಾನು ಮೊದಲು ಓದಿದ್ದು ಪೊಟ್ಟಣದ ಕಾಗದ. ಆಗ ಕಡಲೆಬೇಳೆ, ಸಕ್ಕರೆ, ಜೀರಿಗೆ ಎಲ್ಲ ಹಳೇ ಪೇಪರಿನ ಪೊಟ್ಟಣದಲ್ಲೇ ಬರುತ್ತಿತ್ತು. ಪೊಟ್ಟಣಕ್ಕೆ ಸುತ್ತಿದ ದಾರ ಬಿಚ್ಚಿ ಉಂಡೆ ಮಾಡಿಡುವುದು ಅಣ್ಣನ ಕೆಲಸ. ಅಮ್ಮ ಡಬ್ಬಕ್ಕೆ ಸುರಿದ ಮೇಲೆ ಕಾಗದ ಬಿಡಿಸಿ, ಕೈಯಿಂದ ಉಜ್ಜಿ ನೇರ ಮಾಡಿ ಓದುವುದು ನನ್ನ ಕೆಲಸ. ಜೀರಿಗೆ ಪೊಟ್ಟಣ ಚಿಕ್ಕದು. ಅದರಲ್ಲಿ ಒಂದು ಕಥೆಯ ಕಾಲು ಭಾಗ ಇರುತ್ತಿತ್ತು. ‘ಅವಳು ಬಾಗಿಲು ತೆರೆದಾಗ’ ಅಂತ ಇದ್ದು ಅಲ್ಲಿಗೇ ಕಾಗದ ಹರಿದಿರುತ್ತಿತ್ತು. ಬಾಗಿಲು ತೆರೆದಾಗ ಯಾರು ನಿಂತಿದ್ದರು? ರಾತ್ರಿ ಚಾಪೆ ಮೇಲೆ ಮಲಗಿಕೊಂಡು ಅದನ್ನೇ ಯೋಚಿಸುತ್ತಿದ್ದೆ. ಒಂದು ದಿನ ಪೊಲೀಸ್ ನಿಂತಿರುತ್ತಿದ್ದ, ಇನ್ನೊಂದು ದಿನ ಸತ್ತುಹೋಗಿದ್ದಾನೆ ಅಂದುಕೊಂಡಿದ್ದ ಗಂಡ.

ಪಕ್ಕದ ಮನೆಗೆ ಚಂದಮಾಮ ಬರುತ್ತಿತ್ತು. ತೆಲುಗು, ತಮಿಳಿನಲ್ಲಿ 1947ರಲ್ಲಿ ಶುರುವಾಗಿ ಕನ್ನಡಕ್ಕೆ 1949ರಲ್ಲಿ ಬಂದ ಪತ್ರಿಕೆ ಅದು. ನಾನು ನೋಡುವ ಹೊತ್ತಿಗೆ ಅಮ್ಮನ ತಲೆಮಾರಿನವರೂ ಅದನ್ನು ಓದಿ ಬೆಳೆದಾಗಿತ್ತು. ಅದರಲ್ಲಿ ಬರುತ್ತಿದ್ದ ಬೇತಾಳ ಕಥೆಯ ರಾಜನಿಗೆ ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಬೇತಾಳ ಹೊಕ್ಕ ಶವ, ಸುತ್ತ ಸ್ಮಶಾನ. ಆ ಚಿತ್ರ ಬರೆಯುತ್ತಿದ್ದ ಶಂಕರ್ ಅವರು 2020ರಲ್ಲಿ ತೀರಿಕೊಂಡರು ಎಂದು ಪೇಪರಿನಲ್ಲಿ ಓದಿದಾಗ ನಮ್ಮ ಮನೆಯ ಹಿರಿಯರೇ ಹೋದ ಹಾಗಾಯಿತು. ಅವರ ಮುಖ ಹೇಗಿದೆ ಅಂತ ನನಗೆ ಗೊತ್ತಿರಲಿಲ್ಲ. ಆದರೆ ಬೇತಾಳನ ಕೂದಲು ಗಾಳಿಗೆ ಹೇಗೆ ಹಾರುತ್ತದೆ ಅಂತ ಕಣ್ಣು ಮುಚ್ಚಿದರೂ ಹೇಳಬಲ್ಲೆ.

ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬಾಡಿಗೆ ಲೈಬ್ರರಿ ಇತ್ತು. ಕಾದಂಬರಿಗೆ ದಿನಕ್ಕೆ 50 ಪೈಸೆ. ನಮ್ಮ ಬೀದಿಯ ಹೆಂಗಸರು ಆ ಒಂದು ದಿನವನ್ನು ಹೇಗೆ ಬಳಸುತ್ತಿದ್ದರು ಅನ್ನುವುದನ್ನು ನೀವು ಕೇಳಬೇಕು. ಬೆಳಿಗ್ಗೆ ಹತ್ತಕ್ಕೆ ನಾನು ಹೋಗಿ ಪುಸ್ತಕ ತರುವುದು. ಮಧ್ಯಾಹ್ನ ಊಟದ ತನಕ ಎದುರು ಮನೆಯವರು. ಪಾತ್ರೆ ತೊಳೆದ ಮೇಲೆ ಸಂಜೆ ದೀಪ ಹಚ್ಚುವ ತನಕ ನಮ್ಮಮ್ಮ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೂಲೆ ಮನೆಯ ಟೀಚರಮ್ಮ. ಮಾರನೇ ದಿನ ಹತ್ತು ಗಂಟೆಯೊಳಗೆ ಪುಸ್ತಕ ವಾಪಸ್. 50 ಪೈಸೆಯಲ್ಲಿ ಮೂರು ಮನೆಯ ಓದು. ಪುಸ್ತಕ ಹೊತ್ತು ತಂದ ನನಗೆ ದಾರಿಯಲ್ಲಿ ಓದಿದಷ್ಟೇ ಲಾಭ. ಅದಕ್ಕೇ ನಾನು ನಿಧಾನ ನಡೆಯುತ್ತಿದ್ದೆ. ಆ ಪುಸ್ತಕಗಳಿಗೆಲ್ಲ ಮತ್ತೆ ಗಟ್ಟಿ ರಟ್ಟು ಹಾಕಿ ಹೊಲಿದಿರುತ್ತಿದ್ದರು. ಹೊಲಿಗೆಯೊಳಗೆ ಸಾಲಿನ ಮೊದಲ ಒಂದೆರಡು ಅಕ್ಷರ ಸೇರಿಹೋಗಿರುತ್ತಿತ್ತು. ಆ ಅಕ್ಷರ ಏನು ಅಂತ ಊಹೆ ಮಾಡಿಕೊಂಡೇ ಓದಬೇಕು. ನನ್ನ ಕನ್ನಡ ಗಟ್ಟಿಯಾಗಿದ್ದು ಹಾಗೆ ಅಂತ ಈಗಲೂ ನಂಬಿದ್ದೇನೆ.

ಇನ್ನು ವಾರಪತ್ರಿಕೆಗಳು. 1965ರಿಂದ ಬರುತ್ತಿದ್ದ ಸುಧಾ, 1983ರಲ್ಲಿ ಶುರುವಾದ ತರಂಗ. ಇವುಗಳಲ್ಲಿ ಬರುವ ಧಾರಾವಾಹಿ ಕಾದಂಬರಿಗೆ ಹೆಂಗಸರು ಕಾಯುತ್ತಿದ್ದ ರೀತಿ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಪತ್ರಿಕೆ ಎಲ್ಲರ ಕೈ ಸುತ್ತಿ ಬಂದ ಮೇಲೆ ಅಮ್ಮ ಧಾರಾವಾಹಿಯ ಹಾಳೆಗಳನ್ನು ಮಾತ್ರ ಮೆಲ್ಲಗೆ ಬಿಡಿಸಿ ಎತ್ತಿಡುತ್ತಿದ್ದಳು. ಅಷ್ಟೂ ಕಂತು ಮುಗಿದ ಮೇಲೆ ಒಂದು ಭಾನುವಾರ ಹೊಲಿಗೆ. ಅಪ್ಪ ಮಂಡಿಯಿಂದ ಗೋಣಿಚೀಲ ಹೊಲಿಯುವ ದಬ್ಬಳ, ಹುರಿ ತಂದುಕೊಡುತ್ತಿದ್ದರು. ಹಾಳೆಗಳನ್ನು ಸಮ ಮಾಡಿ, ಮೇಲೆ ಒಂದು ಹಳೇ ಕ್ಯಾಲೆಂಡರ್ ಇಟ್ಟು, ಮೂರು ಕಡೆ ದಬ್ಬಳ ಚುಚ್ಚಿ ಬಿಗಿದರೆ ಒಂದು ಪುಸ್ತಕ. ಎರಡು ಪುಟದ ನಡುವೆ ಕೊಬ್ಬರಿ ನಾರಿನ ಎಳೆ ಸಿಕ್ಕಿಕೊಂಡಿರುತ್ತಿತ್ತು. ಹೀಗೆ ಹೊಲಿದ ಏಳೆಂಟು ಕಟ್ಟು ನಮ್ಮ ಅಟ್ಟದ ಮೇಲೆ ಟ್ರಂಕಿನಲ್ಲಿದ್ದವು. ಆ ಟ್ರಂಕಿನ ಹತ್ತಿರ ಮತ್ತೆ ಬರುತ್ತೇನೆ.

ಈಗ ಓದು ಹೋದ ಕಥೆ.

ಒಂದು ಮಾತು ನಿಮಗೆಲ್ಲ ಪರಿಚಯ ಇರಬಹುದು. ಹತ್ತನೇ ಕ್ಲಾಸಿನಲ್ಲಿದ್ದೆ. ಸಮಾಜ ವಿಜ್ಞಾನದ ಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಕೂತಿದ್ದೆ. ಅಪ್ಪ ಹಿಂದಿನಿಂದ ಬಂದು ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ‘ಓದೋದು ಬಿಟ್ಟು ಏನು ಓದ್ತಾ ಇದ್ದೀಯ?’ ಅಂದರು.

ಆ ವಾಕ್ಯವನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಓದೋದು ಬಿಟ್ಟು ಏನು ಓದ್ತಾ ಇದ್ದೀಯ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ‘ಮಗಳು ಏನು ಓದಿದ್ದಾಳೆ?’ ಅಂದರೆ ಬಿ.ಕಾಂ. ಅಂತ ಉತ್ತರ ಕೊಡುತ್ತೇವೆ, ಯಾವ ಕಾದಂಬರಿ ಅಂತ ಯಾರೂ ಹೇಳುವುದಿಲ್ಲ. ‘ಓದ್ಕೋ ಹೋಗು’ ಅಂದರೆ ಟಿವಿ ಆರಿಸಿ ಒಳಗೆ ಹೋಗು ಅಂತ. ‘ಓದಿ ಉದ್ಧಾರ ಆಗು’, ‘ಓದಿದವರ ಮನೆ’, ‘ಓದು ತಲೆಗೆ ಹತ್ತಲಿಲ್ಲ’, ಎಲ್ಲ ಕಡೆ ಓದು ಅಂದರೆ ಪರೀಕ್ಷೆ, ಡಿಗ್ರಿ, ಕೆಲಸ. ಒಂದೇ ಪದದ ಮನೆಯಲ್ಲಿ ಇಬ್ಬರು ವಾಸ. ಒಬ್ಬರಿಗೆ ಮಾತ್ರ ಊಟ ಹಾಕುತ್ತೇವೆ. ಇನ್ನೊಬ್ಬರು ಒಂದು ದಿನ ಸದ್ದಿಲ್ಲದೆ ಎದ್ದು ಹೋಗುತ್ತಾರೆ.

ಅಪ್ಪನ ಮೇಲೆ ನನಗೆ ಕೋಪ ಇಲ್ಲ. ಅವರು ಮಂಡಿಯಲ್ಲಿ ಬೇರೆಯವರ ಲಾಭವನ್ನು ದಿನವಿಡೀ ಬರೆಯುತ್ತಿದ್ದವರು. ಮಗಳಿಗೆ ಆ ಗತಿ ಬೇಡ ಅನ್ನುವ ಭಯ ಅವರದು. ಭಯಕ್ಕೆ ಕಾರಣ ಇತ್ತು.

ಸ್ಕೂಲಿನಲ್ಲೂ ಅದೇ ಕಾಲಕ್ಕೆ ಇನ್ನೊಂದು ನಡೆಯುತ್ತಿತ್ತು. ಕನ್ನಡ ಪಾಠ ಅಂದರೆ ನನಗೆ ಪ್ರಾಣ. ಜೂನ್ ತಿಂಗಳಲ್ಲಿ ಹೊಸ ಪುಸ್ತಕ ಕೈಗೆ ಬಂದ ದಿನವೇ ಅಷ್ಟೂ ಪಾಠ ಓದಿ ಮುಗಿಸುತ್ತಿದ್ದೆ. ಆಮೇಲೆ ಪಾಠ ಶುರುವಾಗುತ್ತಿತ್ತು. ‘ಈ ಮಾತನ್ನು ಯಾರು ಯಾರಿಗೆ ಹೇಳಿದರು?’ ‘ಸಂದರ್ಭ ಸಹಿತ ವಿವರಿಸಿ.’ ‘ಬಿಟ್ಟ ಸ್ಥಳ ತುಂಬಿರಿ.’ ‘ಈ ಕಥೆಯ ನೀತಿಯೇನು?’ ಜೂನ್‌ನಲ್ಲಿ ಓದಿ ಅತ್ತಿದ್ದ ಕಥೆ ಡಿಸೆಂಬರ್ ಹೊತ್ತಿಗೆ ನಾಲ್ಕು ಅಂಕದ ಎರಡು ಪ್ರಶ್ನೆ ಆಗಿರುತ್ತಿತ್ತು. ನಿಧಾನವಾಗಿ ಏನಾಯಿತು ಗೊತ್ತಾ? ಓದುವಾಗಲೇ ಪ್ರಶ್ನೆ ಕಾಣಲು ಶುರುವಾಯಿತು. ಯಾರಾದರೂ ಮಾತಾಡಿದರೆ, ಓ ಇದು ಯಾರು ಯಾರಿಗೆ ಹೇಳಿದ್ದು ಅಂತ ನೆನಪಿಟ್ಟುಕೊಳ್ಳಬೇಕು. ಮಳೆಯ ವರ್ಣನೆ ಬಂದರೆ, ಇದು ಪರೀಕ್ಷೆಗೆ ಬರಲ್ಲ, ಹಾರಿಸಬಹುದು. ಜೀರಿಗೆ ಪೊಟ್ಟಣದ ಕಾಗದ ಹಿಡಿದು ಬಾಗಿಲ ಹಿಂದೆ ಯಾರು ಅಂತ ಯೋಚಿಸುತ್ತಿದ್ದ ಹುಡುಗಿಗೆ ಮಳೆಯನ್ನು ಹಾರಿಸುವುದು ಅಭ್ಯಾಸವಾಯಿತು.

ಇಲ್ಲಿರುವ ಕನ್ನಡ ಮೇಷ್ಟ್ರುಗಳ ಮನಸ್ಸು ನೋಯಿಸಲು ಈ ಮಾತು ಹೇಳುತ್ತಿಲ್ಲ. ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ವಾರದಲ್ಲಿ ಒಂದು ಪೀರಿಯಡ್, ಒಂದೇ ಒಂದು, ಓದಿದ ಮೇಲೆ ಏನೂ ಕೇಳದೆ ಗಂಟೆ ಹೊಡೆಯಲು ಬಿಡಬಹುದಲ್ವಾ?

ಮೂರನೇ ಪೆಟ್ಟು ಬಿದ್ದದ್ದು 1993ರಲ್ಲಿ, ಪಿಯುಸಿಗೆ ಸೇರಿದಾಗ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಸೈನ್ಸ್ ತೆಗೆದುಕೊಂಡೆ, ರಾತ್ರೋರಾತ್ರಿ ಎಲ್ಲ ಇಂಗ್ಲಿಷ್. ದ್ಯುತಿಸಂಶ್ಲೇಷಣೆ ಅಂದರೆ ಎಲೆ, ಬಿಸಿಲು, ಗಾಳಿ ಎಲ್ಲ ಕಣ್ಣ ಮುಂದೆ ಬರುತ್ತಿತ್ತು. ಫೋಟೋಸಿಂಥೆಸಿಸ್ ಅಂದರೆ ಸ್ಪೆಲ್ಲಿಂಗ್ ಮಾತ್ರ ಬರುತ್ತಿತ್ತು. ಒಂದು ಪುಟಕ್ಕೆ ಹದಿನೈದು ಸಲ ಡಿಕ್ಷನರಿ. ರಾತ್ರಿ ಹನ್ನೊಂದಕ್ಕೆ ಎರಡು ಪುಟ ಮುಗಿದಿರುತ್ತಿತ್ತು.

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನೀರು ಹರಿದ ಹಾಗೆ ಹರಿಯುವುದಿಲ್ಲ. ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಒಂದು ಕಡೆ ಕೂರುತ್ತದೆ, ಸುಮಾರು ಕಾಲು ಸೆಕೆಂಡ್, ಆಮೇಲೆ ಮುಂದಕ್ಕೆ ಹಾರುತ್ತದೆ. ಪರಿಚಯದ ಪದ ಆದರೆ ಬೇಗ ಏಳುತ್ತದೆ, ಗೊತ್ತಿಲ್ಲದ ಪದ ಬಂದರೆ ಅಲ್ಲೇ ಕೂರುತ್ತದೆ, ಹಿಂದಕ್ಕೂ ಹೋಗುತ್ತದೆ. ಮಾತು ಕಲಿತ ಹಾಗೆ ಓದು ತಾನಾಗಿ ಬರುವುದಿಲ್ಲ. ಬರವಣಿಗೆ ಅನ್ನುವುದು ಹುಟ್ಟಿದ್ದೇ ಸುಮಾರು 5,000 ವರ್ಷಗಳ ಹಿಂದೆ. ಪ್ರತಿ ಮಗುವೂ ಅದನ್ನು ಮೊದಲಿನಿಂದ, ಕಷ್ಟಪಟ್ಟು, ಸಾವಿರಾರು ಪುಟ ಓದಿ ಕಲಿಯಬೇಕು. ಕನ್ನಡದಲ್ಲಿ ಆ ಸಾವಿರಾರು ಪುಟ ನಾನು ಓದಿದ್ದೆ, ಕಣ್ಣು ಓಡುತ್ತಿತ್ತು. ಇಂಗ್ಲಿಷಿನಲ್ಲಿ ಮತ್ತೆ ಒಂದನೇ ಕ್ಲಾಸಿನ ಕಣ್ಣು. ಆ ಎರಡು ವರ್ಷದಲ್ಲಿ ಓದು ಅಂದರೆ ಸುಸ್ತು ಅನ್ನುವ ಪಾಠ ನನ್ನ ಮೈಗೆ ಹತ್ತಿತು. ಕನ್ನಡ ಪುಸ್ತಕ ಕೈಗೆತ್ತಿಕೊಂಡರೆ ತಪ್ಪು ಮಾಡುತ್ತಿದ್ದೇನೆ ಅನಿಸುತ್ತಿತ್ತು, ಇಂಗ್ಲಿಷ್ ಪುಸ್ತಕ ಎತ್ತಿಕೊಂಡರೆ ನೋವು. ಒಂದು ದಡ ಬಿಟ್ಟಾಗಿತ್ತು, ಇನ್ನೊಂದು ದಡ ಸಿಕ್ಕಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರು ತಲೆ ಆಡಿಸುತ್ತಿದ್ದೀರಿ. ನಿಮ್ಮ ಬುದ್ಧಿ ಕಡಿಮೆಯಾಗಿಲ್ಲ. ಕಣ್ಣು ಹೊಸ ದಾರಿಯಲ್ಲಿ ನಡೆಯುತ್ತಿದೆ, ಅಷ್ಟೇ.

ಸೈನ್ಸ್ ಕೈ ಹತ್ತಲಿಲ್ಲ, ಬಿ.ಕಾಂ.ಗೆ ಬಂದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ತುಮಕೂರಿಗೆ ಬಂದೆ. ಅಲ್ಲಿಂದ ದಿನಾ ಬೆಂಗಳೂರಿಗೆ ರೈಲು, ಸುಮಾರು 70 ಕಿಲೋಮೀಟರ್. ಆ ವರ್ಷಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪುಸ್ತಕ ಪ್ರದರ್ಶನಕ್ಕೆ ಹೋಗುತ್ತಿದ್ದೆ, ಕೊಳ್ಳುತ್ತಿದ್ದೆ, ಬೀರುವಿನಲ್ಲಿ ಇಡುತ್ತಿದ್ದೆ. ಹೊಸ ವರ್ಷಕ್ಕೆ ತಿಂಗಳಿಗೊಂದು ಪುಸ್ತಕ ಅಂತ ಸಂಕಲ್ಪ ಮಾಡುತ್ತಿದ್ದೆ. ಇಪ್ಪತ್ತು ಪುಟಕ್ಕೆ ನಿಲ್ಲುತ್ತಿತ್ತು. ಎಲ್ಲರೂ ಮೊಬೈಲ್ ಮೇಲೆ ತಪ್ಪು ಹಾಕುತ್ತಾರೆ. ನನ್ನ ಓದು ನಿಂತಾಗ ನಮ್ಮ ಬೀದಿಯಲ್ಲಿ ಒಂದೇ ಮನೆಗೆ ಫೋನ್ ಇತ್ತು, ಅದೂ ತಿರುಗಿಸುವ ಫೋನ್. ಮೊಬೈಲ್ ಬಂದದ್ದು ಖಾಲಿ ಮನೆಗೆ.

2015ರಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಆಪರೇಷನ್‌ಗೆ ಅಂತ ಅಮ್ಮ ನಮ್ಮ ಮನೆಗೆ ಬಂದಳು. ಬರುವಾಗ ಬಟ್ಟೆಯ ಜೊತೆ ಟ್ರಂಕಿನಿಂದ ಒಂದು ಕಟ್ಟು ಎತ್ತಿಕೊಂಡು ಬಂದಿದ್ದಳು. ‘ಸುಮ್ನೆ ಕೂತಿರೋಕಾಗುತ್ತಾ? ಓದ್ತೀನಿ’ ಅಂತ. ಆದರೆ ಆಪರೇಷನ್ ಆದ ಮೇಲೆ ದೂರದ್ದು ಚೆನ್ನಾಗಿ ಕಂಡರೂ ಹತ್ತಿರದ ಅಕ್ಷರ ಕಾಣುವುದಿಲ್ಲ. ಕನ್ನಡಕದ ನಂಬರ್ ಕೊಡುವುದು ಒಂದು ತಿಂಗಳಾದ ಮೇಲೆ ಅಂದರು. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಕಟ್ಟನ್ನು ತೊಡೆ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಪುಟ ತಿರುಗಿಸುತ್ತಿದ್ದಳು, ಓದುತ್ತಿರಲಿಲ್ಲ. ಕ್ಯಾಲೆಂಡರಿನ ರಟ್ಟನ್ನು ಬೆರಳಿನಿಂದ ಸವರುತ್ತಿದ್ದಳು.

ಮೂರನೇ ದಿನ ನನ್ನನ್ನು ಕರೆದಳು. ‘ಕಣ್ಣಿಗೆ ಡ್ರಾಪ್ಸ್ ಹಾಕಿ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿರು ಅಂತಾರೆ. ಆ ಹತ್ತು ನಿಮಿಷ ಓದಿ ಹೇಳೇ.’

ಓದಲು ಶುರು ಮಾಡಿದೆ. ನಾಲ್ಕನೇ ಸಾಲಿಗೆ ಅಮ್ಮ ತಡೆದಳು. ‘ಒಂದು ಸಾಲು ಬಿಟ್ಟೆ.’

ನೋಡಿದರೆ ಹೌದು, ಬಿಟ್ಟಿದ್ದೆ. ಆಫೀಸಿನಲ್ಲಿ ದಿನಕ್ಕೆ ನೂರು ಕಾಗದ ನೋಡುವ ಕಣ್ಣು ಅದು. ಮೊದಲ ಸಾಲು, ಮೊತ್ತ, ಸಹಿ, ಮುಂದಕ್ಕೆ. ಬಿಟ್ಟಿದ್ದ ಸಾಲಿನಲ್ಲಿ ಏನಿತ್ತು ಗೊತ್ತಾ? ಮಳೆ. ಹೆಂಚಿನ ಮೇಲಿಂದ ನೀರು ಬಿದ್ದು ಅಂಗಳದಲ್ಲಿ ಸಾಲಾಗಿ ಗುಳಿ ಆಗಿದ್ದರ ವರ್ಣನೆ. ಅಮ್ಮನಿಗೆ ಅದು ಬಾಯಿಗೆ ಬರುತ್ತಿತ್ತು, ಮೂವತ್ತು ವರ್ಷದ ಹಿಂದೆ ಓದಿದ್ದು. ನಾನು ಮತ್ತೆ ಹಿಂದಕ್ಕೆ ಹೋಗಿ ಗಟ್ಟಿಯಾಗಿ ಓದಿದೆ. ನಾಲಿಗೆಗೆ ಸಾಲು ಹಾರಿಸಲು ಬರುವುದಿಲ್ಲ. ಕಣ್ಣು ಎಷ್ಟೇ ಮುಂದೆ ಓಡಿದರೂ ನಾಲಿಗೆ ಒಂದೊಂದೇ ಅಕ್ಷರ ದಾಟಿಕೊಂಡು ಬರಬೇಕು. ಆ ದಿನ ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಒಲೆಯ ಮೇಲಿನ ಬೇಳೆ ಸೀದುಹೋಯಿತು.

ಗಟ್ಟಿಯಾಗಿ ಓದುವುದು ಚಿಕ್ಕ ಮಕ್ಕಳ ಕೆಲಸ ಅಂದುಕೊಂಡಿದ್ದೇವೆ. ನಮ್ಮ ನಾಡಿನಲ್ಲಿ ಅದು ಹಾಗಿರಲಿಲ್ಲ. ಊರಿನಲ್ಲಿ ಅಕ್ಷರ ಬಲ್ಲವರು ಇಬ್ಬರಿದ್ದರೂ ಸಾಕು, ದೇವಸ್ಥಾನದ ಜಗಲಿಯಲ್ಲಿ ಒಬ್ಬರು ಕುಮಾರವ್ಯಾಸನ ಭಾರತ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರೆಲ್ಲ ಕೂತು ಕೇಳುತ್ತಿತ್ತು. ಮಳೆ ತಡವಾದರೆ ವಿರಾಟಪರ್ವ ಓದಿಸುತ್ತಿದ್ದರು, ಮಳೆ ಬರುತ್ತದೆ ಅನ್ನುವ ನಂಬಿಕೆ. ಹೀಗೆ ಕಾವ್ಯವನ್ನು ರಾಗವಾಗಿ ಓದುವುದಕ್ಕೆ ಗಮಕ ಅಂತಾರೆ, ಶಿವಮೊಗ್ಗದ ಹತ್ತಿರ ಹೊಸಹಳ್ಳಿಯಲ್ಲಿ ಇವತ್ತಿಗೂ ಅದು ಮನೆಮನೆಯ ವಿದ್ಯೆ. ಅಕ್ಷರ ಬಾರದವರೂ ಓದಿನ ಒಳಗೇ ಇದ್ದರು. ಒಬ್ಬರೇ ಮೂಲೆಯಲ್ಲಿ ಕೂತು ಮೌನವಾಗಿ ಓದುವುದು ಮಾತ್ರ ಓದು ಅಂತ ನಾವು ಯಾವಾಗ ತೀರ್ಮಾನ ಮಾಡಿದೆವೋ! ನಿಮ್ಮ ಮನೆಯಲ್ಲಿ ಹತ್ತನೇ ಕ್ಲಾಸಿನ ಮಗ ಇದ್ದರೂ, ಎಂಬತ್ತರ ಅಜ್ಜಿ ಇದ್ದರೂ ಅವರಿಗೆ ಓದಿ ಹೇಳಿ. ಅವರಿಂದ ಓದಿಸಿಕೊಳ್ಳಿ. ನನ್ನ ಕೈಲಿ ಒಂದೇ ಒಂದು ಸಲಹೆ ಇದೆ, ಅದು ಇದು.

ಎಲ್ಲಿದ್ದೆ? ಹಾಂ, ಕಟ್ಟು.

ದಿನಾ ಸಂಜೆ ಒಂದು ಕಂತು ಅಂತ ಆಯಿತು. ಕಥೆ ಮಲೆನಾಡಿನದು. ಒಂದು ದೊಡ್ಡ ಮನೆ, ಇಬ್ಬರು ಓರಗಿತ್ತಿಯರು, ಕಿರಿಯವಳಿಗೆ ಆ ಮನೆಯಲ್ಲಿ ಉಸಿರುಕಟ್ಟುವ ಹಾಗಿದೆ. 16ನೇ ಕಂತಿನ ಕೊನೆಯಲ್ಲಿ ಅವಳು ಟ್ರಂಕ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಬಸ್ಸಿನ ಸದ್ದು ದೂರದ ತಿರುವಿನಲ್ಲಿ ಕೇಳುತ್ತಿದೆ. ಪುಟ ತಿರುಗಿಸಿದೆ. ಅವಳು ಮನೆಯಲ್ಲಿ ದೇವರ ದೀಪ ಹಚ್ಚುತ್ತಿದ್ದಾಳೆ. ಮೇಲೆ ನೋಡಿದರೆ 18ನೇ ಕಂತು.

17 ಇಲ್ಲ.

‘ಅಮ್ಮ, 17 ಎಲ್ಲಿ?’ ಅಂದೆ. ‘ಅದೊಂದು ಸಿಗಲಿಲ್ಲ ಕಣೇ, ಆ ವಾರದ ಪತ್ರಿಕೆ ಯಾರೋ ತಗೊಂಡು ಹೋದವರು ಕೊಡಲಿಲ್ಲ’ ಅಂದಳು. ‘ಮತ್ತೆ ಏನಾಯ್ತು? ಹೇಗೆ ವಾಪಸ್ ಬಂದ್ಲು?’ ನನ್ನ ಧ್ವನಿ ನನಗೇ ಕೇಳಿಸಿತು. ಒಂಬತ್ತು ವರ್ಷದ ಹುಡುಗಿಯ ಧ್ವನಿ. ಬಾಗಿಲ ಹಿಂದೆ ಯಾರು ನಿಂತಿದ್ದರು? ಇಪ್ಪತ್ತೆರಡು ವರ್ಷದಿಂದ ಯಾವ ಪುಸ್ತಕದ ಬಗ್ಗೆಯೂ ನಾನು ‘ಮತ್ತೆ ಏನಾಯ್ತು’ ಅಂತ ಕೇಳಿರಲಿಲ್ಲ.

ಅಮ್ಮ ಹೇಳಿದಳು. ಕಣ್ಣು ಮುಚ್ಚಿಕೊಂಡೇ, ಬಹಳ ಹೊತ್ತು ಹೇಳಿದಳು. ಬಸ್ಸು ಬಂತು. ಅವಳು ಹತ್ತಲಿಲ್ಲ. ಟ್ರಂಕಿನ ಮೇಲೆ ಕೂತಳು. ಇನ್ನೊಂದು ಬಸ್ಸು ಬಂತು, ಅದಕ್ಕೂ ಹತ್ತಲಿಲ್ಲ. ಯಾರೂ ಅವಳನ್ನು ಹುಡುಕಿಕೊಂಡು ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಅವಳಿಗೆ ಕೊಟ್ಟಿಗೆಯ ಗಬ್ಬದ ಹಸು ನೆನಪಾಯಿತು. ಇವತ್ತೋ ನಾಳೆಯೋ ಕರು ಹಾಕುವ ಹಸು. ಅದು ಇವಳ ಕೈಯಿಂದಲ್ಲದೆ ಯಾರ ಕೈಯಿಂದಲೂ ಹಿಂಡಿ ತಿನ್ನುವುದಿಲ್ಲ. ಎದ್ದು, ಟ್ರಂಕ್ ತಲೆ ಮೇಲಿಟ್ಟುಕೊಂಡು, ಮೂರು ಮೈಲಿ ನಡೆದು ವಾಪಸ್ ಬಂದಳು. ಹಿತ್ತಿಲ ಬಾಗಿಲಿನಿಂದ ಒಳಗೆ ಹೋದಳು. ಅವಳು ಹೋಗಿದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಕಂತನ್ನು ನನ್ನ ಕಣ್ಣಿನಿಂದ ಓದಬೇಕು ಅನಿಸಿತು. ಆ ಧಾರಾವಾಹಿ ಆಮೇಲೆ ಪುಸ್ತಕವಾಗಿ ಬಂದಿತ್ತು, ಆದರೆ ಅಂಗಡಿಗಳಲ್ಲಿ ಈಗ ಇರಲಿಲ್ಲ. ಹೀಗೆ ನಾನು ಎರಡು ದಶಕದ ನಂತರ ಸರ್ಕಾರಿ ಗ್ರಂಥಾಲಯದ ಮೆಟ್ಟಿಲು ಹತ್ತಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಲೆಕ್ಕ ನೋಡುವವಳಾಗಿ. ನಿಮ್ಮ ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ಕಂದಾಯದ ಮೇಲೆ ಶೇಕಡಾ 6. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ವರ್ಷ ವರ್ಷವೂ ದುಡ್ಡು ಕೊಟ್ಟಿದ್ದೇವೆ. ಆ ಪುಸ್ತಕಗಳು ನಮ್ಮವು. ಹೋಗಿ ತೆಗೆದುಕೊಳ್ಳುವುದೊಂದೇ ಬಾಕಿ.

ನಾಲ್ಕು ಕಡೆ ಹುಡುಕಿದ ಮೇಲೆ ಬೆಂಗಳೂರಿನ ಒಂದು ಶಾಖೆಯಲ್ಲಿ ಸಿಕ್ಕಿತು. ಕೆಳಗಿನ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು. ಕೊನೆಯ ಪುಟಕ್ಕೆ ಅಂಟಿಸಿದ ತಾರೀಕಿನ ಚೀಟಿಯಲ್ಲಿ ಕೊನೆಯ ಮುದ್ರೆ 1998ರದು. ಹದಿನೇಳು ವರ್ಷ ಆ ಪುಸ್ತಕವನ್ನು ಯಾರೂ ಮನೆಗೆ ಒಯ್ದಿರಲಿಲ್ಲ. ಗ್ರಂಥಾಲಯ ವಿಜ್ಞಾನಕ್ಕೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವರು ಎಸ್. ಆರ್. ರಂಗನಾಥನ್. ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಒಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಇರುತ್ತಾನೆ ಅನ್ನುವುದು. ಆ ಧೂಳು ಒರೆಸುವಾಗ ಅದು ನನಗೆ ಅರ್ಥವಾಯಿತು. ಓದುಗ ಹದಿನೇಳು ವರ್ಷ ತಡವಾಗಿ ಬರಬಹುದು. ಪುಸ್ತಕ ಅಲ್ಲಿರಬೇಕು, ಅಷ್ಟೇ.

ಆಮೇಲೆ ನಾನು ರೈಲಿನಲ್ಲಿ ಓದುತ್ತೇನೆ. ಬೆಳಿಗ್ಗೆ ಒಂದು ಗಂಟೆ ಚಿಲ್ಲರೆ, ಸಂಜೆ ಅಷ್ಟೇ. ಗುರಿ ಗಿರಿ ಏನೂ ಇಲ್ಲ. ಹಿಡಿಸದಿದ್ದರೆ ಬಿಡುತ್ತೇನೆ, ಹಿಡಿಸಿದ್ದನ್ನು ಮೂರು ಸಲ ಓದುತ್ತೇನೆ. ಭಾನುವಾರ ನಮ್ಮ ಹತ್ತಿರದ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗುತ್ತೇನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಅಂತ ಶುರು ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಇದು ದೊಡ್ಡ ಕೆಲಸ. ನಾವು ಚಿಕ್ಕವರಿದ್ದಾಗ ಹಳ್ಳಿ ಮಕ್ಕಳಿಗೆ ಇದು ಕನಸು.

ಅಲ್ಲಿ ನಾನು ಏನೂ ಕಲಿಸುವುದಿಲ್ಲ. ಒಂದು ಕಥೆ ಗಟ್ಟಿಯಾಗಿ ಓದುತ್ತೇನೆ, ಮಕ್ಕಳೂ ಓದುತ್ತಾರೆ. ಮೊದಲ ದಿನ ಕಥೆ ಮುಗಿಸಿ ಪುಸ್ತಕ ಮುಚ್ಚಿದೆ. ಒಂದು ಹುಡುಗಿ, ಐದನೇ ಕ್ಲಾಸಿರಬೇಕು, ಕೈಕಟ್ಟಿ ನೆಟ್ಟಗೆ ಕೂತಳು. ಸ್ವಲ್ಪ ಹೊತ್ತು ಕಾದು ಕೇಳಿದಳು, ‘ಮಿಸ್, ಪ್ರಶ್ನೆ ಯಾವಾಗ ಕೇಳ್ತೀರ?’ ಕೇಳಲ್ಲ ಅಂದೆ. ಅವಳು ನಂಬಲಿಲ್ಲ. ಮೂರು ವಾರ ಹಾಗೇ ಕಾದಳು. ನಾಲ್ಕನೇ ವಾರ ಕಥೆಯ ಮಧ್ಯದಲ್ಲಿ, ಕೈ ಬಿಚ್ಚಿ, ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದುಕೊಂಡು ಕೇಳುತ್ತಿದ್ದಳು. ಆ ಒರಗಿ ಕೂತ ರೀತಿಗೆ ನಾನು ಕಾಯುತ್ತಿದ್ದೆ. ಇನ್ನೊಬ್ಬ ಹುಡುಗ ಪಂಪ್‌ಸೆಟ್‌ನ ಕೈಪಿಡಿಯನ್ನು ಮನೆಯಿಂದ ತಂದು ಅದನ್ನೇ ಓದುತ್ತಾನೆ. ಓದಲಿ. ನಾನು ಜೀರಿಗೆ ಪೊಟ್ಟಣ ಓದಿದವಳು.

ಈಗ ಆ ಪುಸ್ತಕಕ್ಕೆ ಬರುತ್ತೇನೆ. ಗ್ರಂಥಾಲಯದಲ್ಲೇ, ನಿಂತುಕೊಂಡೇ, 17ನೇ ಅಧ್ಯಾಯ ತೆಗೆದೆ. ಬಸ್ಸು ಬರುತ್ತದೆ. ಅವಳು ಹತ್ತುತ್ತಾಳೆ. ಘಾಟಿ ಇಳಿಯುವ ಮೊದಲೇ ಮೈದುನ ಮೋಟಾರ್ ಬೈಕಿನಲ್ಲಿ ಬಂದು ಬಸ್ಸಿಗೆ ಅಡ್ಡ ನಿಲ್ಲಿಸುತ್ತಾನೆ. ಕೈಮುಗಿದು ಕೇಳಿಕೊಳ್ಳುತ್ತಾನೆ, ಬಸ್ಸಿನಲ್ಲಿದ್ದವರೆಲ್ಲ ಬುದ್ಧಿ ಹೇಳುತ್ತಾರೆ, ಅವಳು ಅಳುತ್ತಾ ಇಳಿಯುತ್ತಾಳೆ. ಹಸು ಇಲ್ಲ. ಟ್ರಂಕಿನ ಮೇಲೆ ಕೂತದ್ದಿಲ್ಲ. ಮೂರು ಮೈಲಿ ನಡೆದದ್ದಿಲ್ಲ. ಇಡೀ ಪುಸ್ತಕದಲ್ಲಿ ಎಲ್ಲೂ ಗಬ್ಬದ ಹಸು ಇಲ್ಲ.

ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ಅಮ್ಮನ ತವರಿನಲ್ಲೂ ಇರಲಿಲ್ಲ. ಆದರೆ ನಾವು ಚಿಕ್ಕವರಿದ್ದಾಗ ಅಮ್ಮ ಒಂದು ದಿನ ಎಲ್ಲಿಗೋ ಹೋಗಿ ಸಂಜೆ ತಡವಾಗಿ ಬಂದಿದ್ದಳು, ಹಿತ್ತಿಲ ಬಾಗಿಲಿನಿಂದ. ನನಗೆ ಜ್ವರ ಇತ್ತು. ಬಂದವಳೇ ನನ್ನ ಹಣೆ ಮುಟ್ಟಿ ನೋಡಿದ್ದಳು. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ.

ಆ ಅಧ್ಯಾಯವನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಅಷ್ಟು ಹೊತ್ತಿಗೆ ಅಮ್ಮನಿಗೆ ಹೊಸ ಕನ್ನಡಕ ಬಂದಿತ್ತು. ಕಿಟಕಿಯ ಹತ್ತಿರ ಕೂತು ಪೂರ್ತಿ ಓದಿದಳು. ಒಂದು ಸಾಲೂ ಬಿಡದೆ. ಮುಗಿಸಿ, ಹಾಳೆಗಳನ್ನು ಸಮ ಮಾಡಿ, ‘ದಬ್ಬಳ ಇದೆಯೇನೇ?’ ಅಂದಳು. ನಮ್ಮ ಮನೆಯಲ್ಲಿ ದಬ್ಬಳ ಎಲ್ಲಿಂದ ಬರಬೇಕು? ಸಂತೆಗೆ ಹೋಗಿ ತಂದೆ. ಅಮ್ಮ ಹಳೇ ಹುರಿ ಬಿಚ್ಚಿದಳು. 16ರ ನಂತರ ಹೊಸ ಹಾಳೆಗಳನ್ನಿಟ್ಟಳು. ಹೊಲಿಯಲು ಶುರು ಮಾಡುವ ಮೊದಲು ನಾನು ತಡೆದೆ. ಆ ರಾತ್ರಿ ನಿದ್ದೆ ಬಾರದೆ, ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ನಾಲ್ಕು ಹಾಳೆಯಲ್ಲಿ ಬರೆದಿಟ್ಟಿದ್ದೆ. ಅದನ್ನು ತಂದು ಕೊಟ್ಟೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಅದನ್ನೂ ಓದಿದಳು. ಏನೂ ಹೇಳಲಿಲ್ಲ. ಎರಡನ್ನೂ ಸೇರಿಸಿ ಹೊಲಿದಳು.

ಆ ಕಟ್ಟು ಈಗ ನಮ್ಮ ಮನೆಯಲ್ಲಿದೆ. ಅದರಲ್ಲಿ 17ನೇ ಕಂತು ಎರಡಿವೆ.